ನಾಲ್ಕನೆಯ ಮತ್ತು ಆರನೆಯ ತಂತಿ

೧೯೯೪ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೆಯ ತರಗತಿ, ಅರ್ಧ ವರ್ಷ ಕಳೆದಿತ್ತು. ಬಡತನಕ್ಕೆ ಬಿಟ್ಟೆ ಎಂದರೆ ಕೇಳುವವರಿಗೆ ಸಮಾಧಾನವಾಗುತ್ತದೆ, ಆದರೆ ಅದು ಸುಳ್ಳು. ಬಾಗಲಕೋಟೆ ಕಡೆಯಿಂದ ನಾಶಿಕಕ್ಕೆ ಬಂದ ಅಪ್ಪ ಸಾತಪುರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು, ಮನೆಯಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ನನಗೆ ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಈಗಲೂ ಆಗುವುದಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ.

ಸಾತಪುರದಲ್ಲೇ ಯಂತ್ರಗಳ ಒಳಗಿನ ತಂತಿಗಳನ್ನು ಕಟ್ಟುಕಟ್ಟಾಗಿ ಜೋಡಿಸುವ ಸಣ್ಣ ಕಾರ್ಖಾನೆ ಸೇರಿದೆ. ನಿಂತು ಮಾಡುವ ಕೆಲಸ, ನನಗೆ ಒಗ್ಗಿತು. ಅಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಒಂದಕ್ಕೊಂದು ಹೆಣೆದುಕೊಂಡು ಬಂದ ಎರಡು ತಂತಿಗಳು ಕೊನೆಯ ಪಿನ್ನಿನವರೆಗೂ ಅಕ್ಕಪಕ್ಕವೇ ಇರಬೇಕು. ಯಾರಾದರೂ ಜೋಡಿ ಒಡೆದರೆ ಸೂಪರ್‌ವೈಸರ್ ಆ ಕಟ್ಟನ್ನು ಎಲ್ಲರೆದುರು ಎತ್ತಿ ಹಿಡಿದು, ಯಾರ ಸಂಬಂಧ ಮುರಿದೆಯೋ ಎಂದು ಮರಾಠಿಯಲ್ಲಿ ಕೇಳುತ್ತಿದ್ದ. ಲೈನಿನಲ್ಲಿದ್ದ ಹೆಂಗಸರೆಲ್ಲ ನಗುತ್ತಿದ್ದರು. ಎಂಟು ವರ್ಷ ಅಲ್ಲಿದ್ದೆ. ನನ್ನ ಕಟ್ಟು ಒಂದು ಸಲವೂ ಮೇಲೇರಲಿಲ್ಲ.

೨೦೦೨ರಲ್ಲಿ ಸ್ವಂತ ಕೆಲಸ ಹಿಡಿದೆ. ಮೊದಲು ಮನೆಗಳಿಗೆ ಟಿವಿ ಕೇಬಲ್ ಎಳೆಯುವುದು, ಆಮೇಲೆ ಇಂಟರ್ನೆಟ್ ಬಂದಂತೆ ಅದೂ ಸೇರಿತು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಮ್ಮ ಕಡೆಯ ಎಂಜಿನಿಯರುಗಳು ಬಹಳ ಜನ. ಒಬ್ಬರ ಮನೆ ಮಾಡಿದರೆ ಅವರು ಪಕ್ಕದ ಮನೆಗೆ ಹೇಳುವರು, ಅವರು ಬ್ಯಾಂಕಿನಲ್ಲಿರುವ ತಮ್ಮ ಬೀಗರಿಗೆ. “ನಮ್ಮವ ಒಬ್ಬ ಇದ್ದಾನ್ರಿ. ಅವ ಒಮ್ಮೆ ಕೈ ಹಚ್ಚಿದ್ನಂದ್ರ ಮತ್ತ ಹೊಳ್ಳಿ ನೋಡೂದ ಬ್ಯಾಡ.” ಈ ಮಾತು ನನಗಿಂತ ಮೊದಲೇ ಮನೆಮನೆಗೆ ಹೋಗುತ್ತಿತ್ತು. ನನಗೆ ಬೋರ್ಡು ಇರಲಿಲ್ಲ, ಸರ್ಟಿಫಿಕೇಟು ಇರಲಿಲ್ಲ. ನನ್ನ ಬಂಡವಾಳವೆಲ್ಲ ಆ ಒಂದು ಮಾತು.

ಹೊಸ ಮನೆಗೆ ಹೋದಾಗ ನಾನು ಮೊದಲು ಚೀಲದಿಂದ ಕೇಬಲ್ ತುಂಡುಗಳನ್ನು ತೆಗೆದು ಟೀಪಾಯಿಯ ಮೇಲೆ ಸಾಲಾಗಿ ಇಡುತ್ತಿದ್ದೆ. ಹಳದಿ, ಕೆಂಪು, ಬಿಳಿ ಮೂತಿಯದು: ಹಳದಿಯಲ್ಲಿ ಇಡೀ ಚಿತ್ರ ಒಂದೇ ತಂತಿಯೊಳಗೆ ನುಸುಳಿಕೊಂಡು ಬರುತ್ತದೆ, ಅದಕ್ಕೇ ಅಂಚುಗಳು ಮಸುಕು. ಕೆಂಪು, ಹಸಿರು, ನೀಲಿಯದು ಚಿತ್ರವನ್ನು ಮೂರು ಪಾಲು ಮಾಡಿ ತರುತ್ತದೆ, ಸೀರೆಯ ಝರಿ ಕೂಡ ಕಾಣುತ್ತದೆ. ಪಕ್ಕದಲ್ಲಿ ಎರಡು ತಿರುಪು ಇರುವ ನೀಲಿ ಮೂತಿಯದು ಕಂಪ್ಯೂಟರಿಗೆ. ಆಮೇಲೆ ಬಂದ ಚಪ್ಪಟೆ ಮೂತಿಯ ಎಚ್‌ಡಿಎಂಐ ಚಿತ್ರ, ಶಬ್ದ ಎರಡನ್ನೂ ಒಂದರಲ್ಲೇ ತಂದಿತು.

ಒಂದು ದಿನ ಓಝರ್ ಕಾಲೊನಿಯ ಒಬ್ಬ ಸಾಹೇಬರು ಶೋರೂಮಿನಿಂದ ಎಚ್‌ಡಿಎಂಐ ಕೇಬಲ್ಲಿನ ಹೊಳೆಯುವ ಡಬ್ಬಿ ತಂದು ನನ್ನೆದುರು ಇಟ್ಟರು.

“ತುದಿಗೆ ಬಂಗಾರ ಹಚ್ಯಾರ. ಚಿತ್ರ ಭಾಳ ಛಲೋ ಬರ್ತದಂತ.”

“ಹಂಗಾದ್ರ ಅದನ್ನ ವೈನಿಯವರ ಕೊಳ್ಳಿಗೆ ಹಾಕ್ರಿ ಸಾಹೇಬ್ರ. ಟಿವಿಗೆ ನನ್ನ ಈ ಕರೇದ ಸಾಕು.”

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು: “ಕೇಳ್ರಿ ಅವ್ರಿಗೆ! ನನಗ ಕೊಡಸೂದು ಬಿಟ್ಟು ಟಿವಿಗೆ ಬಂಗಾರ ತಂದಾರ!”

ಎಚ್‌ಡಿಎಂಐಯಲ್ಲಿ ಚಿತ್ರ ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಚುಕ್ಕಿ ಸಿಡಿದು ಪರದೆ ಕಪ್ಪಾಗುತ್ತದೆ. ಬಂಗಾರ ಬಳಿದರೆ ಅದಕ್ಕೆ ಇನ್ನಷ್ಟು ಅಂದ ಬರುವುದಿಲ್ಲ. ಉದ್ದ ಹದಿನೈದು ಮೀಟರ್ ದಾಟಿದರೆ ಮಾತ್ರ ಹುಷಾರು. ಛಾವಣಿಯಿಂದ ಇಳಿಯುವ ದುಂಡನೆಯ ಟಿವಿ ಕೇಬಲ್ ಬೇರೆ ಥರ. ಘಟ್ಟದ ಮೇಲಿನ ಇಗತಪುರಿಯ ಮಳೆಯಲ್ಲಿ ಅದರ ಸಿಪ್ಪೆ ಎಲ್ಲೋ ಒಂದು ಕಡೆ ಬಿರಿದರೂ ನೀರು ಒಳಗಿನ ತಂತಿಯ ಜಾಲರಿಯಲ್ಲಿ ಹರಿದು ಟಿವಿಯ ಬೆನ್ನಿನವರೆಗೆ ಬರುತ್ತದೆ. ಆದರೂ ಇವೆಲ್ಲ ಪ್ರಾಮಾಣಿಕ ಕೇಬಲ್‌ಗಳು. ಕೆಟ್ಟರೆ ಪರದೆಯ ಮೇಲೆ ಕೆಟ್ಟದ್ದನ್ನು ತೋರಿಸುತ್ತವೆ.

ಡೇಟಾ ಕೇಬಲ್ ಹಾಗಲ್ಲ. ಅದರಲ್ಲಿ ಎಂಟು ತಂತಿ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಬಿಳಿ ಪಟ್ಟೆಯ ಒಂದು ಸಂಗಾತಿ. ಆ ಎಂಟನ್ನೂ ಪಾರದರ್ಶಕ ಪ್ಲಾಸ್ಟಿಕ್ ಮೂತಿಯೊಳಗೆ ಸಾಲಾಗಿ ತೂರಿಸಿ ಇಕ್ಕಳದಿಂದ ಒತ್ತಬೇಕು. ನನಗೆ ಯಾರೂ ಕಲಿಸಲಿಲ್ಲ, ಕಲಿಸಲು ನಾನು ಬಿಡಲೂ ಇಲ್ಲ. ಜೋಡಿ ಜೋಡಿಯಾಗಿ ಅಕ್ಕಪಕ್ಕ ಇಟ್ಟೆ. ಎರಡೂ ತುದಿಗೆ ಅದೇ ಸಾಲು. ಟೆಸ್ಟರ್ ಹಚ್ಚಿದರೆ ಒಂದರಿಂದ ಎಂಟರವರೆಗೆ ದೀಪ ಹತ್ತುತ್ತಿದ್ದವು. ಎಂಟನೆಯದು ಹತ್ತಿದ ಕೂಡಲೇ ನಾನು ಎದ್ದು ನಿಲ್ಲುತ್ತಿದ್ದೆ.

ನಾಶಿಕದಲ್ಲಿ ನನ್ನ ಗಿರಾಕಿಯಾಗಿದ್ದ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ೨೦೧೨ರಲ್ಲಿ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಆಗ ಬಸ್ಸಿನ ಬೋರ್ಡಿನ ಮೇಲೆ ಔರಂಗಾಬಾದ್ ಎಂದಿರುತ್ತಿತ್ತು. ಅವರ ಹೆಂಡತಿ ಧಾರವಾಡದವರು, ಸಂಗೀತದ ಪಾಠ ಹೇಳುತ್ತಿದ್ದರು. ಶಿಷ್ಯರು ಧಾರವಾಡದಲ್ಲಿ, ಪುಣೆಯಲ್ಲಿ. ಪಾಠ ಕಂಪ್ಯೂಟರಿನ ಪರದೆಯ ಮೇಲೆ. ಹಾಡಲು ಅವರು ಆರಿಸಿಕೊಂಡಿದ್ದು ಮಹಡಿಯ ಹಿಂದಿನ ಕೋಣೆ. ಇಂಟರ್ನೆಟ್ ಡಬ್ಬಿ ಇದ್ದದ್ದು ಕೆಳಗೆ ಮುಂದಿನ ಹಾಲಿನಲ್ಲಿ. ಊರಿನಲ್ಲಿ ಬೇರೆ ಕೆಲಸಗಾರರಿದ್ದರೂ ನನ್ನನ್ನೇ ಕರೆಸಿದರು. ಹೊರಗೋಡೆ ಸುತ್ತಿ ನಲವತ್ತು ಮೀಟರ್ ಎಳೆದೆ. ಎಂಟು ದೀಪ ಹತ್ತಿದವು, ಹೊರಟೆ.

ಹದಿನೈದು ದಿನಕ್ಕೆ ಆ ವೈನಿಯ ಫೋನ್ ಬಂತು. “ಹಾಡಿನ ತಾನ ಅರ್ಧಕ್ಕ ನಿಂತಬಿಡ್ತದರಿ. ಹುಡುಗಿ ಬಾಯಿ ತಗದದ್ದು ತಗದಂಗ ಇರ್ತಾಳ, ದನೀನ ಇಲ್ಲ.”

ಬಸ್ಸಿನಲ್ಲಿ ಐದು ತಾಸು ಹೋದೆ. ಟೆಸ್ಟರ್ ಹಚ್ಚಿ ದೀಪ ತೋರಿಸಿದೆ. “ನಂದು ಬರೋಬರಿ ಅದರಿ ವೈನಿ. ಇಂಟರ್ನೆಟ್ ಲೈನಿನವರಿಗೆ ಹೇಳ್ರಿ.” ಲೈನಿನವರು ಬಂದು ಡಬ್ಬಿ ಬದಲಿಸಿದರು. ಮತ್ತೆ ಫೋನ್. ಮತ್ತೆ ಹೋದೆ, ಮತ್ತೆ ದೀಪ ತೋರಿಸಿದೆ, ಕಂಪ್ಯೂಟರ್ ಹಳೆಯದು ಎಂದೆ. ಮೂರನೆಯ ಸಲದ ಫೋನಿನಲ್ಲಿ ಅವರ ದನಿ ಸಣ್ಣಗಿತ್ತು.

“ಅವರು ನಿಮ್ಮ ವೈರ್ ಅಂತಾರ, ನೀವು ಅವರ ಲೈನ್ ಅಂತೀರಿ. ನಡುವ ನನ್ನ ಮೂರು ಮಂದಿ ಶಿಷ್ಯರು ಬಿಟ್ಟು ಹೋದ್ರು. ನಾಶಿಕದಾಗ ನನ್ನ ಗೆಳತ್ಯಾರಿಗೆಲ್ಲಾ ನಿಮ್ಮ ಹೆಸರು ಹೇಳಿದಾಕಿ ನಾನ. ಈಗ ಯಾರರ ಕೇಳಿದ್ರ ಏನ್ ಹೇಳ್ಲಿ? ನೀವ ಹೇಳ್ರಿ.”

ಅವರು ಬೈದಿದ್ದರೆ ಸುಲಭವಿತ್ತು. ಕೇಳಿದರು. ಮರುದಿನ ಬೆಳಗಿನ ಬಸ್ಸು ಹಿಡಿದೆ. ಸೀಟು ಸಿಕ್ಕಿದರೂ ಅರ್ಧ ದಾರಿಯ ಯೇವಲಾವರೆಗೆ ಬಾಗಿಲ ಬಳಿ ನಿಂತೇ ಹೋದೆ.

ಸಂಭಾಜಿನಗರದ ಪೇಟೆಯಲ್ಲಿ ಕಂಪನಿಯೇ ಮೂತಿ ಹಚ್ಚಿ ಮಾರುವ ಐವತ್ತು ಮೀಟರಿನ ತಯಾರು ಕೇಬಲ್ ಕೊಂಡೆ. ಅದರಲ್ಲೂ ಪಾಠ ತೊದಲುತ್ತದೆ, ಆಗ ನನ್ನ ಕೆಲಸ ಸರಿ ಎಂದು ಸಾಬೀತಾಗುತ್ತದೆ: ಇದು ನನ್ನ ಲೆಕ್ಕಾಚಾರ. ಮೆಟ್ಟಿಲ ಮೇಲೆಯೇ ಅದನ್ನು ಹಾಸಿ ಎರಡೂ ಕಡೆ ಸಿಕ್ಕಿಸಿದೆ. ಪರದೆಯಲ್ಲಿ ಧಾರವಾಡದ ಹುಡುಗಿ ಹಾಡತೊಡಗಿದಳು. ಅರ್ಧ ತಾಸು ಹಾಡಿದಳು. ಒಂದು ಸಲವೂ ನಿಲ್ಲಲಿಲ್ಲ.

ಮೆಟ್ಟಿಲ ಮೇಲೆ ಕೂತೆ. ನನ್ನ ಕೇಬಲ್ಲಿನ ಮೂತಿಯನ್ನೂ ಕಂಪನಿಯ ಮೂತಿಯನ್ನೂ ಬಿಸಿಲಿಗೆ ಹಿಡಿದು ಒಂದೊಂದೇ ಬಣ್ಣ ನೋಡಿದೆ. ಒಂದು, ಎರಡು, ಮೂರನೆಯವು ಎರಡರಲ್ಲೂ ಒಂದೇ. ನಾಲ್ಕನೆಯದು ನನ್ನದರಲ್ಲಿ ಹಸಿರು, ಅವರದರಲ್ಲಿ ನೀಲಿ. ಆರನೆಯದು ನನ್ನದರಲ್ಲಿ ನೀಲಿ, ಅವರದರಲ್ಲಿ ಹಸಿರು. ಉಳಿದದ್ದೆಲ್ಲ ಒಂದೇ. ಚೀಲದಲ್ಲಿದ್ದ ಮೂತಿಗಳ ಡಬ್ಬಿ ತೆಗೆದೆ. ಅದರ ತಳದಲ್ಲಿ ಮಡಿಸಿದ ಕಾಗದ ಇರುತ್ತದೆ, ಬಣ್ಣದ ಚಿತ್ರದ್ದು. ಅಂಥ ಕಾಗದಗಳನ್ನು ಹತ್ತು ವರ್ಷ ಬಿಚ್ಚದೆ ಎಸೆದಿದ್ದೆ. ಅವತ್ತು ಬಿಚ್ಚಿದೆ. ಚಿತ್ರದಲ್ಲಿ ನೀಲಿ ಜೋಡಿ ನಡುವೆ ಇತ್ತು, ಹಸಿರಿನವು ಅದರ ಎಡಕ್ಕೊಂದು ಬಲಕ್ಕೊಂದು. ಕಂಪ್ಯೂಟರ್ ಮೂರನೆಯದನ್ನೂ ಆರನೆಯದನ್ನೂ ಒಂದು ಜೋಡಿ ಎಂದು ಹಿಡಿಯುತ್ತದೆ. ಜೋಡಿ ಒಡೆಯಬಾರದು ಎಂದು ಅಕ್ಕಪಕ್ಕ ಇಟ್ಟ ನಾನು ಅದಕ್ಕೆ ಹಸಿರಿನದೊಂದು, ನೀಲಿಯದೊಂದು ಕೊಟ್ಟಿದ್ದೆ. ಸಾತಪುರದ ನಿಯಮವನ್ನು ಪಾಲಿಸಿಯೇ ಜೋಡಿ ಒಡೆದಿದ್ದೆ. ತಂತಿ ಈ ತುದಿಯಿಂದ ಆ ತುದಿ ಮುಟ್ಟಿದೆಯೇ ಎಂದಷ್ಟೇ ಟೆಸ್ಟರ್ ಹೇಳುತ್ತದೆ, ಯಾವುದರ ಜೊತೆ ಹೆಣೆದು ಬಂದಿದೆ ಎಂದು ಅದಕ್ಕೆ ತಿಳಿಯದು. ಜೋಡಿ ತಪ್ಪಿದ ತಂತಿಗಳ ಮಾತು ಉದ್ದ ಹೋದಂತೆ ಒಂದರೊಳಗೊಂದು ಬೆರೆತು ಕೆಡುತ್ತದೆ. ಐದಾರು ಮೀಟರಿನ ಕೇಬಲ್ಲಿನಲ್ಲಿ ಈ ತಪ್ಪು ಗೊತ್ತಾಗುವುದಿಲ್ಲ. ಕೇಬಲ್ ಉದ್ದವಿದ್ದ ಮನೆಗಳಲ್ಲಿ ಇಂಟರ್ನೆಟ್ಟೇ ಆಮೆಯಂತಿತ್ತು, ಜನ ಅದನ್ನೇ ಬೈದರು.

ನನ್ನ ಮೂತಿಗಳನ್ನು ಕತ್ತರಿಸಿ ಚಿತ್ರದಂತೆ ಮತ್ತೆ ಕಟ್ಟಿದೆ. ಹತ್ತು ನಿಮಿಷದ ಕೆಲಸ. ಹುಡುಗಿ ಹಾಡು ಮುಂದುವರಿಸಿದಳು.

“ಏನಾಗಿತ್ತ್ರಿ?” ಎಂದು ಅವರು ಚಹಾ ತಂದಿಟ್ಟು ಕೇಳಿದರು.

“ತುದಿ ಸಡ್ಲ ಆಗಿತ್ತ್ರಿ ವೈನಿ.”

“ಅಷ್ಟಕ್ಕ ಮೂರು ಸಲ ಬರಬೇಕಾತೇನು?” ಎಂದು ನಕ್ಕರು. ಚಹಾ ಅರ್ಧ ಬಿಟ್ಟು ಎದ್ದೆ.

ಮರಳುವ ಬಸ್ಸಿನಲ್ಲಿ ಮನೆಗಳನ್ನು ಎಣಿಸತೊಡಗಿದೆ. ಹೆಸರಿನಿಂದ ನೆನಪಾಗದವು ಬಾಗಿಲ ಬಣ್ಣದಿಂದ ನೆನಪಾದವು, ಕೆಲವು ನಾಯಿಯಿಂದ. ನಾಶಿಕ, ಓಝರ್ ಸೇರಿ ನಲವತ್ತಮೂರು. ಎಲ್ಲದರಲ್ಲೂ ಅದೇ ಸಾಲು, ಏಕೆಂದರೆ ನನ್ನ ಕೈ ತಪ್ಪುವುದಿಲ್ಲ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಗೂ ಬಾಗಿಲಿಗೂ ನಡುವೆ ಓಡಾಡುತ್ತಿದ್ದೆ.

“ಏನ್ ಗಾಣದ ಎತ್ತಿನಂಗ ತಿರಗಾಕತ್ತೀರಿ? ಒಂದ್ಕಡೆ ಕುಂದರ್ರಿ.”

ಹೇಳಿದೆ. ಆಕೆ ರೊಟ್ಟಿ ತಿರುವಿ ಹಾಕಿ ಕೇಳಿದಳು, “ಬ್ಯಾರೆ ಯಾರರ ಫೋನ್ ಮಾಡ್ಯಾರೇನು?”

“ಇಲ್ಲ. ಆದ್ರ ಲೈನ್ ಜೋರ್ ಆದಂಗ ಒಬ್ಬೊಬ್ಬರ ಮಾಡ್ತಾರ. ಆವಾಗ ನಾ ಹೋಗಿ ದೀಪಾ ತೋರಿಸಿ, ನಿಮ್ಮ ಡಬ್ಬಿ ಕೆಟ್ಟೈತಿ ಅನಬೇಕು.”

“ಅನ್ರಿ. ಇಷ್ಟು ದಿನಾ ಅದನ್ನ ಅಂದೀರಲ್ಲ.”

ಆಕೆ ಅದನ್ನು ಚುಚ್ಚಲು ಹೇಳಿದಳೋ, ಸಮಾಧಾನಕ್ಕೆ ಹೇಳಿದಳೋ, ಈವರೆಗೂ ಕೇಳಿಲ್ಲ. ಒಮ್ಮೆ ಕೈ ಹಚ್ಚಿದರೆ ಹೊಳ್ಳಿ ನೋಡುವುದೇ ಬೇಡ ಎಂಬ ಮಾತು ನನ್ನದಾಗಿ ಉಳಿಯಬೇಕಾದರೆ ನಾನು ಸುಮ್ಮನಿರಬೇಕು. ಹೊಳ್ಳಿ ನೋಡಲು ಹೋದರೆ ಆ ಮಾತು ಹೋಗುತ್ತದೆ. ಹದಿನೆಂಟು ವರ್ಷ ದುಡಿದು ಗಳಿಸಿದ್ದು ಅದೊಂದೇ ಆಗಿತ್ತು. ರೊಟ್ಟಿ ತಣ್ಣಗಾಯಿತು.

ಬೆಳಿಗ್ಗೆ ಧಾರವಾಡದ ವೈನಿಗೆ ಫೋನ್ ಮಾಡಿದೆ. “ತುದಿ ಸಡ್ಲ ಆಗಿದ್ದಿಲ್ಲರಿ. ನಾನ ತಪ್ಪು ಕಟ್ಟಿದ್ದೆ. ಮದಲಿಂದನೂ ಎಲ್ಲಾ ಕಡೆ ಹಂಗ ಕಟ್ಟೇನಿ.”

“ನಿನ್ನೆ ಹೇಳಿದ್ರ ಛಂದಂಗ ಬೈತಿದ್ದೆ,” ಎಂದರು. “ಹೋದ ಶಿಷ್ಯರನ್ನ ನೀವು ತಂದು ಕೊಡಂಗಿಲ್ಲ. ಇರ್ಲಿ. ನನ್ನ ಗೆಳತ್ಯಾರ ಮನಿಗೆ ಮದಲ ಹೋಗ್ರಿ. ನಾ ಏನೂ ಹೇಳಂಗಿಲ್ಲ, ನೀವ ಹೋಗಿ ಹೇಳ್ರಿ.”

ಅಂದೇ ಓಝರಿನಲ್ಲಿದ್ದ ಅವರ ಗೆಳತಿಯರ ಮನೆಗಳಿಂದ ಶುರು ಮಾಡಿದೆ. ಮೊದಲ ಮನೆಯ ಎಂಜಿನಿಯರ್ ಹಳೆಯದು, ಹೊಸದು ಎರಡು ಮೂತಿಗಳನ್ನೂ ಕನ್ನಡಕ ಏರಿಸಿ ನೋಡಿ, ತಲೆ ಮೇಲೆ ಕೈ ಇಟ್ಟುಕೊಂಡರು. “ಅಯ್ಯ ಮಾರಾಯ! ಕಂಪ್ಯೂಟರ್ ಮಂದ ಅಂತ ಬೈದು ಬೈದು ಹೋದ ತಿಂಗಳ ಮಾರಿಬಿಟ್ನೆಲ್ಲಾ!” ಇನ್ನೊಂದು ಮನೆಯ ಅಜ್ಜಿ ಬಾಗಿಲನ್ನೇ ಪೂರ್ತಿ ತೆರೆಯಲಿಲ್ಲ. “ಚಾಲೂ ಐತಿ. ಚಾಲೂ ಇದ್ದದ್ದಕ್ಕ ಕೈ ಹಚ್ಚಬ್ಯಾಡ. ಹೊಸಾದು ಮಾರಾಕ ಬಂದೀಯೇನ?” ಮೂರನೆಯ ಕಡೆ ಸಾಹೇಬರು ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತು, ಎಂಟು ಬಣ್ಣವನ್ನೂ ಚಿತ್ರದ ಕಾಗದಕ್ಕೆ ಹೋಲಿಸಿ ನೋಡಿದ ಮೇಲೆಯೇ ಒತ್ತಲು ಬಿಟ್ಟರು. ಯಾರೂ ನನ್ನ ಕೆಲಸವನ್ನು ಹೀಗೆ ಕಾವಲು ಕೂತು ನೋಡಿರಲಿಲ್ಲ. ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲಿಲ್ಲ.

ನಾಲ್ಕು ತಿಂಗಳು ಹಿಡಿಯಿತು. ಆ ವರ್ಷ ಹೊಸ ಮನೆಗಳ ಕರೆಗಳು ಕಡಿಮೆಯಾದವು. ಕೆಲವರು “ತಪ್ಪು ಮಾಡಿ ತಾನ ಬಂದು ಹೇಳಿದಾವ” ಎಂದು ನನ್ನನ್ನು ಪರಿಚಯಿಸುತ್ತಾರೆ. ಹೊಗಳಿಕೆಯಾಗಿಯೇ ಹೇಳುತ್ತಾರೆ, ಆದರೆ ಅದರಲ್ಲಿ ತಪ್ಪು ಮೊದಲು ಬರುತ್ತದೆ. ನನಗೆ ಇಷ್ಟವಾಗುವುದಿಲ್ಲ. ಆದರೂ ಸುಳ್ಳಲ್ಲವಲ್ಲ ಎಂದು ಕೇಳಿಸಿಕೊಂಡು ನಿಲ್ಲುತ್ತೇನೆ.

ಈಗ ನನ್ನ ಬಳಿ ಇರುವುದು ಇಷ್ಟು. ಸಾತಪುರ ರಸ್ತೆಯಲ್ಲಿ ಹತ್ತು ಅಡಿ ಅಗಲದ ಒಂದು ಅಂಗಡಿ. ಎರಡು ಇಕ್ಕಳ. ಜೋಡಿಯನ್ನೂ ಪರೀಕ್ಷಿಸುವ ಒಂದು ಮೀಟರ್. ಒಂದು ಸ್ಕೂಟರ್. ನಲವತ್ತಮೂರು ಮನೆಗಳಲ್ಲಿ ಸರಿ ಮಾಡಿದ್ದು ಮೂವತ್ತೆಂಟು. ಬೇಡ ಎಂದವರು ಇಬ್ಬರು. ವರ್ಗವಾಗಿ ಹೋದವರು ಮೂವರು, ಅವರು ಈಗ ಯಾವ ಊರಿನಲ್ಲಿದ್ದಾರೋ ತಿಳಿದಿಲ್ಲ.