ಐದು ಗಂಟೆಯ ಮರ್ಕಂಜ ಬಸ್ಸು

ನೀವು ನಂಬ್ಲಿಕ್ಕಿಲ್ಲ ಮಾರಾಯ್ರೆ, ಈಗಷ್ಟೇ ಸುಳ್ಯದಲ್ಲಿ ಆದದ್ದು! ಮರ್ಕಂಜದ ಬಸ್ಸು ದಿನಾ ತಡ ಅಂತ ಊರವರೇ ಅರ್ಜಿ ಕೊಟ್ಟಿದ್ರು. "ಇವತ್ತು ಸರಿಯಾಗಿ ಐದಕ್ಕೆ ಹೊರಡಿಸು, ಇಲ್ಲದಿದ್ರೆ ನಾಳೆ ಕೆಲಸಕ್ಕೆ ಬರ್ಬೇಡ" ಅಂತ ಬಸ್ಸಿನ ಧಣಿ ಆಫೀಸಿನಿಂದ ನನ್ನನ್ನು ಕಳಿಸಿದ್ದು. ಐದಾಯ್ತು, ನಾನೇ ಸೀಟಿ ಊದಿದೆ. ಬಸ್ಸಿಡೀ ಬೊಬ್ಬೆ! "ನಿಲ್ಸು ಮಾರಾಯ, ಟೀಚರಕ್ಕ ಬರ್ಲಿಲ್ಲ!" ಡ್ರೈವರಣ್ಣ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿಯೇ ಬಿಟ್ರು.

ಹತ್ತು ನಿಮಿಷ ಆದ್ಮೇಲೆ ಟೀಚರಕ್ಕ ಏದುಸಿರು ಬಿಟ್ಕೊಂಡು ಹತ್ತಿದ್ರು. ಶಾಲೆ ಬಿಟ್ಟ ಮೇಲೆ ಊರವರಿಗೆಲ್ಲ ಪೇಟೆಯಿಂದ ಮದ್ದು ತರುದು ಅವರೇ ಅಂತೆ. ಸೀಟು ಸೀಟಿಗೂ ಮದ್ದು ಹಂಚಿ, ಕೂತು, ವಾಚ್ ನೋಡಿದ್ರು.

"ನೋಡು ತಮ್ಮಾ, ಇವತ್ತೂ ತಡ! ಸುಮ್ಮನೆ ಅರ್ಜಿ ಬರೆದದ್ದಾ ನಾನು?"

ಯಾರೂ ನಗ್ಲಿಲ್ಲ, ಎಲ್ಲರೂ ಹೌದೌದು ಅಂತ ತಲೆಯಾಡಿಸಿದ್ರು! ಈಗ ಧಣಿಗೆ ಎಂತ ಹೇಳುದು? ನೀವಾದ್ರೆ ಎಂತ ಮಾಡ್ತಿದ್ರಿ, ಹೇಳಿ?