ಬುಡನ್ ಸಾಬರ ಬೂದಿಗಂಟು

ಬುಡನ್ ಸಾಬರ ಲುಂಗಿಯ ತುದಿಯಲ್ಲಿ ಯಾವಾಗಲೂ ಒಂದು ಗಂಟು ಇರುತ್ತಿತ್ತು. ಅದರಲ್ಲಿ ಎಲೆಅಡಿಕೆ ಇದೆ ಅಂತ ಕೆಲವರು, ತಾಯತ ಇದೆ ಅಂತ ಕೆಲವರು. ಇದ್ದದ್ದು ಬೂದಿ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ಒಂದು ಊರಿನ ಕೆಲಸ ಮುಗಿಸಿ ಒಲೆ ಆರಿದ ಮೇಲೆ, ಇದ್ದಿಲಿನ ನುಣ್ಣನೆ ಬೂದಿ ಒಂದು ಹಿಡಿ ಆರಿಸಿ ಗಂಟು ಕಟ್ಟಿಕೊಂಡೇ ಮುಂದಿನ ಊರಿಗೆ ಹೊರಡುವರು. ಗುಡ್ಡದ ದಾರಿಯಲ್ಲಿ ಅಲ್ಲಲ್ಲಿ ನಿಂತು ಚಿಟಿಕೆ ಬೂದಿ ಬಿಟ್ಟು ಗಾಳಿ ಯಾವ ಕಡೆ ಅಂತ ನೋಡುವರು. "ನಮ್ಮ ವಾಸನೆ ನಮಗಿಂತ ಮುಂಚೆ ಹೋಗಬಾರದು ಮೇಷ್ಟ್ರೇ," ಅನ್ನುವರು.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು ಇದು. ದೇವರಾಯಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಮೇಷ್ಟ್ರಾಗಿದ್ದೆ. ಶಾಲೆಗೆ ನಾನೊಬ್ಬನೇ, ವಯಸ್ಸು ಇಪ್ಪತ್ತು. ಮಾಲೂರು ಪೇಟೆಯಲ್ಲಿ ಬೆಳೆದವನಿಗೆ ಗುಡ್ಡ ಅಂದರೆ ಕಲ್ಲು, ಅಷ್ಟೇ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಮಾಡುವುದೇನು ಅಂತ, ಕುರುಡುಮಲೆ ಕಡೆ ಹೊರಟಿದ್ದ ಸಾಬರ ಬೆನ್ನು ಹತ್ತಿದೆ. ಅವರ ಹೆಗಲ ಮೇಲೆ ಒಲೆಗೆ ಗಾಳಿ ಊದುವ ತಿದಿ, ಕೈಯಲ್ಲಿ ಸಾಮಾನಿನ ಚೀಲ. ನೂರು ಹೆಜ್ಜೆ ಹೋಗಿರಲಿಲ್ಲ, ತಿರುಗಿ ನಿಂತರು.

"ಅರೇ, ನಿಮ್ಮ ಚಪ್ಪಲಿ ಊರಿಗೆಲ್ಲ ಪಾಠ ಹೇಳ್ತಾ ಇದೆ ಮೇಷ್ಟ್ರೇ. ಬಿಚ್ಚಿ."

ಬಿಚ್ಚಿದೆ. ಅಯ್ಯೋ, ಆವತ್ತು ನನ್ನ ಪಾದ ಪಟ್ಟ ಪಾಡು! ಅವರದೋ, ಮರಳು ಹಾಕಿದ ಹಂಡೆಯೊಳಗೆ ನಿಂತು ತಿರುಗಿ ತಿರುಗಿ ಪಾತ್ರೆ ಉಜ್ಜಿದ ಕಾಲು. ಮುಳ್ಳೇ ಮುರಿದು ಹೋಗಬೇಕು.

ಆಮೇಲೆ ಎರಡು ವರ್ಷ ಶನಿವಾರಗಳನ್ನು ನಾನು ಬೇರೆ ಯಾರಿಗೂ ಕೊಡಲಿಲ್ಲ. ಧೂಳಿನಲ್ಲಿ ನಾಯಿ ಹೆಜ್ಜೆ ಅಡ್ಡಾದಿಡ್ಡಿ ಬೀಳುತ್ತದೆ, ತೋಳದ್ದು ದಾರ ಹಿಡಿದ ಹಾಗೆ ಒಂದೇ ಸಾಲು, ಅಂತ ತೋರಿಸಿಕೊಟ್ಟರು. ಸಂಜೆ ಬೆಳವ ಹಕ್ಕಿ ನೆಟ್ಟಗೆ ಹಾರಿ ಹೋಗುವ ಕಡೆ ನೀರಿದೆ ಅಂದರು. ಒಂದು ಸಲ ಬಾಯಾರಿ ಸಾಯುವಂತಾದಾಗ ಆ ಹಕ್ಕಿಗಳ ಹಿಂದೆಯೇ ಹೋಗಿ ಬಂಡೆ ಸಂದಿಯ ದೊಣೆಯಲ್ಲಿ ನೀರು ಕುಡಿದೆವು. ಗವಿಯ ಹತ್ತಿರ ಬಂದರೆ ದೂರದಿಂದಲೇ ಮೂರು ಸಲ ಚಪ್ಪಾಳೆ ತಟ್ಟುವರು. ಒಳಗೆ ಕರಡಿ ಇದ್ದರೆ ಎದ್ದು ಹೋಗಲಿ ಅಂತ. "ಅವರ ಮನೆ. ಕೂಗಿ ಹೋಗೋದು ಮರ್ಯಾದೆ." ನಾನು ನಕ್ಕರೆ, "ನಗಬೇಡಿ. ನಗು ಬಹಳ ದೂರ ಕೇಳಿಸ್ತದೆ," ಅಂತ ಗದರುವರು.

ಒಂದು ಭಾನುವಾರ, ಶಿವರಾತ್ರಿಗೆ ಇನ್ನೂ ವಾರವಿತ್ತು, ಬೆಳಕು ಹರಿಯುವ ಹೊತ್ತಿಗೆ ನನ್ನನ್ನು ಬಂಡೆಯೊಂದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಸಿದರು. ಬೂದಿ ಬಿಟ್ಟರು. ಅದು ನಮ್ಮ ಮುಖದ ಮೇಲೇ ಬಂತು. ಒಳ್ಳೆಯದಾಯಿತು ಅನ್ನುವಂತೆ ತಲೆಯಾಡಿಸಿದರು. ಕೆಳಗೆ ಒಂದು ಗವಿ. ಅದರ ಬಾಯಲ್ಲಿ ತೋಳವೊಂದು ಕಾಲು ಚಾಚಿ ಮಲಗಿತ್ತು. ನಾಲ್ಕು ಮರಿ ಅದರ ಬಾಲ ಎಳೆಯುತ್ತಿದ್ದವು, ಒಂದರ ಮೇಲೊಂದು ಬೀಳುತ್ತಿದ್ದವು. ತಾಯಿ ಒಮ್ಮೆ ಆಕಳಿಸಿತು. ಅಷ್ಟೇ ನಾನು ನೋಡಿದ್ದು, ಆದರೆ ಆಮೇಲೆ ಜೀವನದಲ್ಲಿ ಅಷ್ಟು ಸಂತೋಷ ನನಗೆ ಆದದ್ದು ಕಡಿಮೆ.

ಇಳಿಯುವಾಗ ಸಾಬರು ಹೇಳಿದರು, "ಮೂರು ವರ್ಷದಿಂದ ಅದು ಇಲ್ಲೇ ಮರಿ ಹಾಕ್ತದೆ. ನಮ್ಮ ಮನೇಲೂ ಹೇಳಿಲ್ಲ. ನಿಮಗೊಬ್ಬರಿಗೇ ತೋರಿಸಿದ್ದು. ಕಣ್ಣಲ್ಲಿ ನೋಡಿದ್ದು ಕಣ್ಣಲ್ಲೇ ಇರ್ಲಿ."

"ನನ್ನಾಣೆ ಸಾಬರೇ," ಅಂದೆ.

ಹದಿನೈದು ದಿನ ಇರಲಿಲ್ಲ ಆ ಆಣೆ. ನಾಲ್ಕನೇ ಕ್ಲಾಸಿಗೆ ಭೂಗೋಳದಲ್ಲಿ ತಮ್ಮ ಊರಿನ ನಕ್ಷೆ ಬರೆಯುವ ಪಾಠ ಬಂತು. ಕರೀ ಹಲಗೆಯ ಮೇಲೆ ಕೆರೆ ಬರೆದೆ, ಗುಡಿ ಬರೆದೆ, ಗಾಡಿದಾರಿ ಎಳೆದೆ. ಗುಡ್ಡ ಮಾತ್ರ ಬರೀ ಬೋಳು ಗೆರೆಯಾಗಿ ಕಂಡಿತು. ಕೈ ತಡೆಯಲಿಲ್ಲ. ಒಂದು ಚುಕ್ಕೆ ಇಟ್ಟು 'ತೋಳದ ಗವಿ' ಅಂತ ಬರೆದೆ.

"ನೀವು ನೋಡಿದೀರಾ ಸಾ?" ಅಂತ ಮಕ್ಕಳು ಎದ್ದು ನಿಂತರು.

"ನೋಡಿದೀನಿ ಕಣ್ರೋ! ಬುಡನ್ ಸಾಬರು ತೋರಿಸಿದ್ರು. ನಾಲ್ಕು ಮರಿ!" ಅಂದೆ. ಅಷ್ಟಕ್ಕೇ ಬಿಟ್ಟೆನೇ? ದಿಕ್ಕು ಕಲಿಸುವ ಹುಮ್ಮಸ್ಸಿನಲ್ಲಿ, ದೊಡ್ಡ ಹುಣಸೇಮರದಿಂದ ಉತ್ತರಕ್ಕೆ ಇಷ್ಟು ಹೆಜ್ಜೆ ಅಂತ ಅಳತೆಯನ್ನೂ ಹಾಕಿಸಿದೆ. ಆಣೆ ನೆನಪಾಗಲಿಲ್ಲ ಅಂದರೆ ಸುಳ್ಳು. ಮಕ್ಕಳ ಮುಂದೆ ತಾನೇ, ಅಂದುಕೊಂಡೆ. ಆ ಮಕ್ಕಳಲ್ಲಿ ಅರ್ಧಕ್ಕರ್ಧ ಕುರಿ ಸಾಕುವವರ ಮನೆಯವು.

ಮಾರನೆಯ ದಿನ ಹಾಜರಿ ಕೂಗುತ್ತಿದ್ದಾಗ ಕಿಟಕಿಯಿಂದ ನೋಡಿದೆ, ಗುಡ್ಡದ ಮೇಲೆ ಹೊಗೆ. ಕುರಿ ಸಾಕುವವರು ಗವಿಯ ಬಾಯಿಗೆ ಹುಲ್ಲು ತುರುಕಿ, ಮೆಣಸಿನಕಾಯಿ ಹಾಕಿ ಬೆಂಕಿ ಇಟ್ಟಿದ್ದರು. ತಾಯಿ ಬೇಟೆಗೆ ಹೋಗಿತ್ತಂತೆ. ಮಧ್ಯಾಹ್ನಕ್ಕೆ ನಾಲ್ಕು ಮರಿಗಳನ್ನು ಕೋಲಿಗೆ ನೇತು ಹಾಕಿಕೊಂಡು ನಮ್ಮ ಶಾಲೆ ಮುಂದೆಯೇ ತಮಟೆ ಬಡಿದುಕೊಂಡು ಹೋದರು. ಅವರದೂ ತಪ್ಪಲ್ಲ. ಆ ವರ್ಷ ಎಷ್ಟೋ ಮನೆಗಳಲ್ಲಿ ಕುರಿಮರಿ ಹೋಗಿದ್ದವು. ಹಲಗೆಯ ಮೇಲೆ ನನ್ನ ನಕ್ಷೆ ಇನ್ನೂ ಹಾಗೇ ಇತ್ತು.

ಮುಂದಿನ ವಾರ ಸಾಬರು ಬಂದು ಎಂದಿನಂತೆ ಅರಳಿಮರದ ಕೆಳಗೆ ಒಲೆ ತೋಡಿದರು. ಕುರಿಮಂದೆಯ ಎಂಗಟಪ್ಪ ಬಂದು ಎದುರಿಗೇ ನಿಂತ.

"ಏಮಯ್ಯಾ ಸಾಬೂ, ನೀಕು ತೆಲಿಸೀ ಚೆಪ್ಪಲೇದಾ? ಗೊತ್ತಿದ್ದೂ ಹೇಳ್ಲಿಲ್ವಾ? ನಮ್ಮನೆ ಮಜ್ಜಿಗೆ ಕುಡ್ದು, ನಮ್ಮ ಕುರಿ ತಿನ್ನೋದನ್ನ ಕಾಪಾಡಿದ್ಯಾ?"

ಸಾಬರು ತಿರುಗಿ ಶಾಲೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಒಂದು ಮಾತು ಆಡಬಹುದಾಗಿತ್ತು ನಾನು. ತಪ್ಪು ನನ್ನದು, ಬಾಯಿ ಬಿಟ್ಟವನು ನಾನು, ಅವರನ್ನು ಬಿಡಿ ಅನ್ನಬಹುದಾಗಿತ್ತು. ಅನ್ನಲಿಲ್ಲ. ಬಿಡಬಾರದ ಕಡೆ ಬಿಟ್ಟ ಬಾಯಿ ಬಿಡಬೇಕಾದ ಕಡೆ ಅಂಟಿಕೊಂಡಿತ್ತು. ಆವತ್ತು ಯಾವ ಮನೆಯಿಂದಲೂ ಒಂದು ಲೋಟ ಕೂಡ ಕಲಾಯಿಗೆ ಬರಲಿಲ್ಲ. ಸಾಬರು ತೋಡಿದ ಒಲೆಗೆ ಮಣ್ಣು ಮುಚ್ಚಿ, ತಿದಿ ಹೆಗಲಿಗೆ ಹಾಕಿಕೊಂಡು ಹೊರಟರು. ಸುದ್ದಿ ಸುತ್ತಲ ಹಳ್ಳಿಗೂ ಹಬ್ಬಿತು. ಆ ದಾರಿಯಲ್ಲಿ ಅವರು ಮತ್ತೆ ಕಾಣಲಿಲ್ಲ.

ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಯುದ್ಧ ಬಂತು, ಕಲಾಯಿಗೆ ಬೇಕಾದ ತವರ ಸಿಗದಂತಾಯಿತು, ಕಲಾಯಿಯವರೆಲ್ಲ ಒಲೆ ಆರಿಸಿ ಕೂತರು. ನಮ್ಮ ಮನೆ ಸಾರಿಗೆ ಕಿಲುಬಿನ ರುಚಿ ಹತ್ತಿತು. ಸಾಬರ ಕಸುಬು ಹೇಗೂ ಯುದ್ಧದಿಂದ ನಿಲ್ಲುತ್ತಿತ್ತು ಬಿಡು ಅಂತ ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ. ಮನಸ್ಸು ಒಪ್ಪಲಿಲ್ಲ. ಕೊನೆಗೆ ಅಮ್ಮನ ತಪ್ಪಲೆಯೊಂದನ್ನು ನೆಪಕ್ಕೆ ಹಿಡಿದುಕೊಂಡು ಸಾಬರ ಊರಾದ ಮುಳಬಾಗಿಲಿಗೆ ಹೋಗಿ ಅವರ ಮನೆ ಹುಡುಕಿದೆ.

ಬಹಳ ಇಳಿದುಹೋಗಿದ್ದರು. ಮಾತಿಗೆ ಮುಂಚೆ ಕೆಮ್ಮು ಬರುತ್ತಿತ್ತು. "ಬನ್ನಿ ಮೇಷ್ಟ್ರೇ. ಅಮ್ಮಾವ್ರು ಚೆನ್ನಾಗಿದಾರಾ?" ಅಂದರು. ತಪ್ಪಲೆಯನ್ನು ತಿರುಗಿಸಿ ನೋಡಿ ಒಳಗೆ ಹೋಗಿ, ಚಿಂದಿಯಲ್ಲಿ ಸುತ್ತಿಟ್ಟಿದ್ದ ಉಗುರಿನಷ್ಟು ತವರ ತಂದರು. ಅದೇ ಕೊನೆಯದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಬೇಡ ಅಂದರೂ ಕೇಳಲಿಲ್ಲ. ಬಾಗಿಲ ಮುಂದೆ ಒಲೆ ಹೂಡಿ, ನವಸಾಗರದ ಪುಡಿ ಉದುರಿಸಿ, ಹತ್ತಿಯಲ್ಲಿ ಒರೆಸತೊಡಗಿದರು. ಬಿಳಿ ಹೊಗೆ ಎದ್ದಿತು.

"ಸಾಬರೇ, ಆವತ್ತು ನನ್ನಿಂದ ತಪ್ಪಾಯ್ತು," ಅಂದೆ.

ಅವರು ಒರೆಸುತ್ತಲೇ, "ನೀವು ಮಕ್ಕಳಿಗೆ ಪಾಠ ಹೇಳಿದ್ರಿ. ಅದು ನಿಮ್ಮ ಕೆಲಸ," ಅಂದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಒಲೆ ಆರಿತು. ಒಂದು ಮುರುಕು ಮೊರದಲ್ಲಿ ಬೂದಿಯನ್ನೆಲ್ಲ ಗೋರಿ ಚರಂಡಿಗೆ ಸುರಿದರು. ಆಗ ಅವರ ಲುಂಗಿಯ ತುದಿ ನೋಡಿದೆ. ಗಂಟು ಇರಲಿಲ್ಲ.

"ಒಂದು ಹಿಡಿ ಇಟ್ಕೊಳ್ಳಲ್ವಾ ಸಾಬರೇ?" ಅಂದೆ.

"ಏನ್ ನೋಡಕ್ಕೆ ಮೇಷ್ಟ್ರೇ?"

ಇನ್ನೂ ಬಿಸಿಯಿದ್ದ ತಪ್ಪಲೆಯನ್ನು ನನ್ನ ಟವಲಿನಲ್ಲೇ ಸುತ್ತಿ ಕೈಗೆ ಕೊಟ್ಟು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.