ಬೊಡ್ಡೆಯೊಳಗಿನ ಬಳೆ

ಊರಿನಲ್ಲಿ ಅವನನ್ನು ಎಲ್ಲರೂ ಬೇರಣ್ಣ ಎಂದೇ ಕರೆಯುತ್ತಿದ್ದರು. ಮರ ಕಡಿಯುವವರು ಕಡಿದು, ಕೊಂಬೆ ಹೊತ್ತುಕೊಂಡು ಹೋದ ಮೇಲೆ ಹಿತ್ತಲಲ್ಲಿ ಉಳಿಯುವ ಬೊಡ್ಡೆಯನ್ನು ಬೇರುಸಮೇತ ಎಬ್ಬಿಸುವುದು ಅವನ ಕಸುಬು. ಹಿಂದಿನ ದಿನವೇ ಬುಡಕ್ಕೆ ನೀರು ಕುಡಿಸಿ, ಮರುದಿನ ಸುತ್ತ ಅಗೆದು, ಬೇರನ್ನು ಹಾರೆಯ ತುದಿಯಿಂದ ತಟ್ಟಿ, ಅದು ಎತ್ತ ಓಡಿದೆಯೆಂದು ಸದ್ದಿನಲ್ಲೇ ಹೇಳುತ್ತಿದ್ದ. ಒಂದು ಬೊಡ್ಡೆಗೆ ಮೂರು ದಿನ. ಮೂವತ್ತು ವರ್ಷ ಯಾರೂ ಅವಸರ ಮಾಡಿರಲಿಲ್ಲ.

ಆಮೇಲೆ ಅವನ ತಮ್ಮ ಒಂದು ಯಂತ್ರ ತಂದ. ಚಕ್ರದ ಸುತ್ತ ಉಕ್ಕಿನ ಹಲ್ಲು. ಬೊಡ್ಡೆಯ ಮೇಲೆ ಆಡಿಸಿದರೆ ಒಂದು ಗಂಟೆಯಲ್ಲಿ ಎಲ್ಲ ಹೊಟ್ಟು. ಬೇರಣ್ಣನ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಜಾರಿದರು. ತಮ್ಮ ಉದ್ಧಾರವಾಗಲಿ ಎಂದು ಬಾಯಲ್ಲಿ ಹೇಳಿದರೂ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಸುಳ್ಳು ಯಾಕೆ, ಧಗಧಗ ಉರಿಯುತ್ತಿತ್ತು. ಯಂತ್ರ ಕೆಟ್ಟಿದೆಯಂತೆ ಎಂದು ಯಾರಾದರೂ ಹೇಳಿದರೆ ಆ ದಿನ ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದ.

ಇಷ್ಟಾದರೂ ಅಕ್ಕನ ಹಿತ್ತಲಿನ ಬೊಡ್ಡೆ ತನ್ನದೇ ಎಂದುಕೊಂಡಿದ್ದ. ಮೂವರೂ ಹುಟ್ಟಿ ಬೆಳೆದ ಮನೆ ಅದು. ಈಗ ಅಕ್ಕ ಅಲ್ಲೇ ಬಟ್ಟೆ ಹೊಲಿಯುತ್ತಾಳೆ. ಮರ ಇದ್ದ ಜಾಗದಲ್ಲಿ ಹೊಲಿಗೆ ಕೋಣೆ ಕಟ್ಟಿಸಬೇಕಿತ್ತು, ಗಾರೆಯವರು ನಾಳೆಯೇ ಬರುವವರಿದ್ದರು. ಮೂರು ದಿನ ಕಾಯಲಾಗುವುದಿಲ್ಲವೆಂದು ಅವಳು ಚಿಕ್ಕವನಿಗೆ ಹೇಳಿಕಳಿಸಿದಳು. ದೊಡ್ಡವನಿಗೆ ಬೇಜಾರಾಗದಿರಲಿ ಎಂದು ಬೇರಣ್ಣನನ್ನು ಊಟಕ್ಕೆ ಕರೆದಳು. ಗಾಯಕ್ಕೆ ಉಪ್ಪು ಸವರುವುದೆಂದರೆ ಇದೇ.

ಬೇರಣ್ಣ ಹೋದ. ಊಟಕ್ಕೆ ಹೋಗುವವನು ಹಾರೆಯನ್ನೂ ಹೆಗಲ ಮೇಲೆ ಹಾಕಿಕೊಂಡ. ಆ ಬೊಡ್ಡೆಯೊಳಗೆ, ಗೋಡೆಯ ಕಡೆ, ನೆಲದಿಂದ ಒಂದು ಗೇಣು ಮೇಲೆ ಕಬ್ಬಿಣದ ಬಳೆಯೊಂದಿತ್ತು. ನಾಯಿ ಕಟ್ಟಲು ಹುಡುಗನಾಗಿದ್ದಾಗ ತಾನೇ ಮೊಳೆ ಹೊಡೆದು ಕೂರಿಸಿದ್ದು. ನಾಯಿ ಸತ್ತು, ಮರ ದಪ್ಪವಾಗಿ, ಬಳೆಯನ್ನು ಪೂರ್ತಿ ನುಂಗಿತ್ತು. ಹೊರಗೆ ಗುರುತೇ ಇಲ್ಲ. ಯಂತ್ರದ ಹಲ್ಲು ಅದಕ್ಕೆ ತಾಗಿದರೆ ಯಂತ್ರದ ಕಥೆ ಮುಗಿಯಿತು. ಆಗ ಅಕ್ಕ ತನ್ನ ಹಾರೆಯನ್ನೇ ಕೇಳಬೇಕಲ್ಲ. ಬಾಯಿ ಬಿಡಬಾರದೆಂದು ದಾರಿಯಲ್ಲೇ ನಿರ್ಧರಿಸಿದ್ದ.

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ನೋಡಿದ. ತಮ್ಮ ದಪ್ಪ ಕನ್ನಡಕ ಹಾಕಿಕೊಂಡು ಯಂತ್ರ ಚಾಲೂ ಮಾಡಿದ. ಹೊಟ್ಟು ಚಿಮ್ಮಿ ಹಿತ್ತಲ ತುಂಬ ಹರಡಿತು. ಅಕ್ಕ ಕಿಟಕಿಯಿಂದ ಇಣುಕಿ, ಎಷ್ಟು ಬೇಗ ಆಗ್ತಿದೆಯಲ್ಲ ಎಂದು ಹೊಗಳಿದಳು. ಅದನ್ನು ಕೇಳಿದ ಮೇಲಂತೂ ಬೇರಣ್ಣನ ಬಾಯಿಗೆ ಬೀಗವೇ ಬಿತ್ತು. ಚಕ್ರ ಗೋಡೆಯ ಕಡೆ ಸರಿಯಿತು. ಹಲ್ಲು ಮುರಿದು ಚೂರು ಹಾರಿದರೆ? ಕನ್ನಡಕ ಇದೆಯಲ್ಲ, ಏನೂ ಆಗುವುದಿಲ್ಲ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡ. ಇನ್ನೆರಡು ಗೇಣು. ಒಂದು ಗೇಣು.

ತಮ್ಮ ಯಂತ್ರ ನಿಲ್ಲಿಸಿದ. ಕೈಗವಸು ಕಳಚಿ, ಮೆಟ್ಟಿಲ ಬಳಿ ಬಂದು, ಎಡಗೈ ಹೆಬ್ಬೆರಳನ್ನು ಅಣ್ಣನ ಮುಖದ ಮುಂದೆ ಹಿಡಿದ. ಉಗುರು ಸೊಟ್ಟಗಿತ್ತು. ಅದು ಎಂದಿನಿಂದಲೂ ಹಾಗೇ ಇತ್ತು. ಯಾಕೆಂಬುದನ್ನು ಬೇರಣ್ಣ ಮರೆತೇಬಿಟ್ಟಿದ್ದ.

“ನೀನು ಮೊಳೆ ಹೊಡೀತಿದ್ದಾಗ ಬಳೆ ಹಿಡ್ಕೊಂಡಿದ್ದು ನಾನು,” ಎಂದ ತಮ್ಮ. “ಸುತ್ತಿಗೆ ಏಟು ಬಿದ್ದಿದ್ದು ಇದಕ್ಕೆ.”

ಬೇರಣ್ಣ ಮೆಟ್ಟಿಲಿಂದ ಎದ್ದು ನಿಂತ. ಗೊತ್ತಿದ್ದೂ ಇಷ್ಟು ಹತ್ತಿರದವರೆಗೆ ಯಾಕೆ ಬಂದೆ ಎಂದು ಕೇಳಿದ.

“ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ.” ಬೈದು ಹೇಳಿದ್ದರೂ ಚೆನ್ನಾಗಿತ್ತು, ತಮ್ಮ ಮೆಲ್ಲಗೆ ಹೇಳಿದ. “ಬಾ, ಈ ಕಡೆ ಹಾರೆಯದೇ ಕೆಲಸ.”

ಬೇರಣ್ಣ ಮಂಡಿಯೂರಿ ಆ ಕಡೆಯ ಬೇರಿನ ಸುತ್ತ ಅಗೆದ. ತಮ್ಮ ಪಕ್ಕದಲ್ಲೇ ಕೂತು ಮಣ್ಣು ಎಳೆದುಹಾಕಿದ. ಬೇರು ಎದ್ದು, ಸೀಳಿದ ಬೊಡ್ಡೆಯಿಂದ ತುಕ್ಕು ಹಿಡಿದ ಬಳೆ ಹೊರಬರುವಷ್ಟರಲ್ಲಿ ಬಿಸಿಲು ನೆತ್ತಿ ದಾಟಿತ್ತು. ಅಕ್ಕ ಬಂದು ನೋಡಿ, ದೊಡ್ಡವನು ನೆನಪಿಟ್ಟು ಹೇಳದಿದ್ದರೆ ಯಂತ್ರದ ಗತಿ ಏನಾಗುತ್ತಿತ್ತು ಎಂದು ಬೇರಣ್ಣನನ್ನೇ ಹೊಗಳಿದಳು. ತಮ್ಮ ಹೌದೆಂದು ತಲೆಯಾಡಿಸಿದ.

ಇಷ್ಟು ದಿನ ಬೇರಣ್ಣ ಯಂತ್ರ ಕಂಡು ಕರುಬುತ್ತಿದ್ದ. ಯಂತ್ರವನ್ನಾದರೆ ಇಂದಲ್ಲ ನಾಳೆ ತಾನೂ ತರಬಹುದಿತ್ತು. ಈಗ ತಮ್ಮನ ಗುಣ ಕಂಡು ಕರುಬಿದ. ಊಟಕ್ಕೆ ಕೂತಾಗ ಆ ಸೊಟ್ಟ ಉಗುರು ಎದುರಿಗೇ ಇತ್ತು, ಬೇರಣ್ಣ ಒಂದು ತುತ್ತೂ ಉಣ್ಣದೆ ಎದ್ದ.